ಪಕ್ಕಪಕ್ಕ ಇಟ್ಟ ಎರಡು ಮುಖ

"ಜಡ್ಜಿಗೂ ಎಲೆಕ್ಷನ್ನಾ? ಹಂಗಾದ್ರೆ ಠೇವಣಿನೂ ಕಟ್ಬೇಕೇನಪ್ಪಾ?"

2008ರ ಮಾರ್ಚಿನಲ್ಲಿ ಫೋನಿನಲ್ಲಿ ನಮ್ಮ ಚಿಕ್ಕಪ್ಪ ಕೇಳಿದ ಪ್ರಶ್ನೆ ಇದು. ಚಿಕ್ಕಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಮೂವತ್ತು ವರ್ಷ ಜಡ್ಜುಗಳನ್ನು ಹತ್ತಿರದಿಂದ ನೋಡಿದವರು. ಜಡ್ಜ್ ಸಾಹೇಬರು ಸಂತೆಗೆ ಹೋದರೂ ಯಾರ ಜೊತೆಗೂ ಜಾಸ್ತಿ ಮಾತಾಡುತ್ತಿರಲಿಲ್ಲ, ಮದುವೆ ಊಟಕ್ಕೆ ಕರೆದರೆ ಹತ್ತು ಸಲ ಯೋಚಿಸುತ್ತಿದ್ದರು ಅಂತ ನಮಗೆ ಕಥೆ ಹೇಳುತ್ತಿದ್ದರು. ಅಂಥವರಿಗೆ ನಾನು, ಇಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಟಿವಿಯಲ್ಲಿ ಬಂದು ವೋಟು ಕೇಳ್ತಿದ್ದಾರೆ ಅಂದರೆ ನಂಬುತ್ತಾರಾ? ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಆಗ ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿದ್ದೆ. ಒಂದು ಪ್ರಾಜೆಕ್ಟ್ ಮೇಲೆ ಜನವರಿಯಲ್ಲಿ ಹೋಗಿದ್ದೆ. ಹೋದ ಗಳಿಗೆಯೇ ಸರಿಯಿರಲಿಲ್ಲ, ಆ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮವನ್ನು ಅಲ್ಲಿನವರೇ ಕಂಡಿರಲಿಲ್ಲವಂತೆ. ಪಕ್ಕದ ಮ್ಯಾಡಿಸನ್‌ನಲ್ಲಿ ಒಟ್ಟು 100 ಇಂಚು ದಾಟಿ ಹಳೆಯ ದಾಖಲೆ ಮುರಿಯಿತು. ರೂಮ್‌ಮೇಟ್ ತೀರ್ಥಹಳ್ಳಿ ಕಡೆಯವನು. ಮಳೆ ಅಂದರೆ ಅವನಿಗೆ ಲೆಕ್ಕಕ್ಕಿಲ್ಲ, ಆದರೆ ಹಿಮ ನೋಡಿ ಅವನೂ ಸುಸ್ತಾಗಿದ್ದ. ಸಂಜೆ ಐದಕ್ಕೆಲ್ಲ ಮನೆ ಸೇರಿ, ಅನ್ನ ಸಾರು ಮಾಡಿಕೊಂಡು, ಟಿವಿ ಮುಂದೆ ಕೂರುವುದು. ಬೇರೆ ಏನು ಮಾಡುವುದಕ್ಕಿತ್ತು? ಹಾಗಾಗಿ ಆ ಚುನಾವಣೆಯ ಜಾಹೀರಾತುಗಳನ್ನು ವೋಟಿದ್ದವರಿಗಿಂತ ನಾವೇ ಜಾಸ್ತಿ ನೋಡಿರಬೇಕು. ನಮಗೆ ವೋಟಿರಲಿಲ್ಲ.

ಮೊದಲು ಚಿಕ್ಕಪ್ಪನಿಗೆ ಹೇಳಿದ್ದನ್ನೇ ಇಲ್ಲಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ದೇಶದ ಸುಪ್ರೀಂ ಕೋರ್ಟ್ ಒಂದು, ಅಲ್ಲಿಗೆ ಅಧ್ಯಕ್ಷರು ನೇಮಕ ಮಾಡುತ್ತಾರೆ. ಅದಲ್ಲದೆ ಪ್ರತಿ ರಾಜ್ಯಕ್ಕೂ ತನ್ನದೇ ಉನ್ನತ ನ್ಯಾಯಾಲಯ ಇದೆ, ನಮ್ಮ ಹೈಕೋರ್ಟ್ ಅಂದುಕೊಳ್ಳಿ. ವಿಸ್ಕಾನ್ಸಿನ್‌ನಲ್ಲಿ ಅದರ ಹೆಸರೂ ಸುಪ್ರೀಂ ಕೋರ್ಟೇ. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಈ ನ್ಯಾಯಮೂರ್ತಿಗಳು ಯಾವುದಾದರೂ ಒಂದು ಬಗೆಯ ಚುನಾವಣೆ ಎದುರಿಸಲೇಬೇಕು. ವಿಸ್ಕಾನ್ಸಿನ್‌ನಲ್ಲಿ ಏಳು ಜನ ನ್ಯಾಯಮೂರ್ತಿಗಳು, 10 ವರ್ಷದ ಅವಧಿ, ಏಪ್ರಿಲ್‌ನಲ್ಲಿ ಮತದಾನ. ಪಕ್ಷದ ಚಿಹ್ನೆ ಇಲ್ಲ. ನಡುವೆ ಸೀಟು ಖಾಲಿಯಾದರೆ ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ, ಆಮೇಲೆ ಅವರು ಜನರ ಮುಂದೆ ಹೋಗಬೇಕು.

ಹಾಗೆ ನೇಮಕಗೊಂಡವರು ಲೂಯಿ ಬಟ್ಲರ್. ಆ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂದ ಮೊದಲ ಕಪ್ಪು ನ್ಯಾಯಮೂರ್ತಿ. ಅವರ ದಾರಿಯೇ ಒಂಥರಾ ವಿಚಿತ್ರ. 2000ದಲ್ಲಿ ಇದೇ ಕೋರ್ಟಿಗೆ ಡಯೇನ್ ಸೈಕ್ಸ್ ಎದುರು ನಿಂತು ಭಾರಿ ಅಂತರದಲ್ಲಿ ಸೋತಿದ್ದರು. 2004ರಲ್ಲಿ ಸೈಕ್ಸ್ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿಗೆ ಹೋದಾಗ, ಗವರ್ನರ್ ಜಿಮ್ ಡಾಯ್ಲ್ ಆ ಖಾಲಿ ಕುರ್ಚಿಗೇ ಬಟ್ಲರ್ ಅವರನ್ನು ತಂದು ಕೂರಿಸಿದರು. ಜಡ್ಜ್ ಆಗುವುದಕ್ಕೆ ಮೊದಲು ಬಟ್ಲರ್ ಪಬ್ಲಿಕ್ ಡಿಫೆಂಡರ್ ಆಗಿದ್ದರು. ಅಂದರೆ ಸ್ವಂತ ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗಳ ಪರ ವಾದಿಸಲು ಸರ್ಕಾರವೇ ಸಂಬಳ ಕೊಟ್ಟು ಇಟ್ಟುಕೊಂಡ ವಕೀಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ಕೆಲಸ ಮಾಡಿದವರು. ಕೇಸುಗಳಲ್ಲಿ ಸೂಕ್ಷ್ಮ ಹುಡುಕುತ್ತಿದ್ದರು ಅಂತ ಆಗಲೇ ಅವರಿಗೆ 'ಲೂಪ್‌ಹೋಲ್ ಲೂಯಿ', ಅಂದರೆ ಕಾನೂನಿನಲ್ಲಿ ನುಸುಳುದಾರಿ ಹುಡುಕುವ ಲೂಯಿ, ಅಂತ ಅಡ್ಡಹೆಸರು ಬಿದ್ದಿತ್ತು. ಕೋರ್ಟ್ ವರಾಂಡದ ಇಂಥ ಹೆಸರುಗಳು ಹೇಗಿರುತ್ತವೆ ಅಂತ ಗೊತ್ತಲ್ಲ, ಅರ್ಧ ಕೀಟಲೆ, ಅರ್ಧ ಮೆಚ್ಚುಗೆ. ಇಪ್ಪತ್ತು ವರ್ಷ ಆದಮೇಲೆ ಅದೇ ಹೆಸರು ಅವರ ಕುತ್ತಿಗೆಗೆ ಬಂತು.

ಎದುರಾಳಿ ಮೈಕಲ್ ಗೇಬಲ್‌ಮನ್. ರಾಜ್ಯದ ವಾಯವ್ಯ ಮೂಲೆಯ ಬರ್ನೆಟ್ ಕೌಂಟಿಯ ಜಡ್ಜ್. ಬಿಳಿಯ. ಹಿಂದೆ ಸರ್ಕಾರಿ ಪ್ರಾಸಿಕ್ಯೂಟರ್.

ಮಾರ್ಚ್ ಮಧ್ಯದಲ್ಲಿ ಗೇಬಲ್‌ಮನ್ ಪ್ರಚಾರ ಸಮಿತಿಯ ಒಂದು ಜಾಹೀರಾತು ಬರಲು ಶುರುವಾಯಿತು. ಅರ್ಧ ನಿಮಿಷದ್ದು. ಗೇಬಲ್‌ಮನ್ ಮಕ್ಕಳ ಮೇಲೆ ದೌರ್ಜನ್ಯ ಮಾಡುವವರನ್ನು ಜೈಲಿಗೆ ಕಳಿಸಿದವರು ಅಂತ ಮೊದಲು ಹೇಳುತ್ತದೆ. ಆಮೇಲೆ, ಬಟ್ಲರ್ ಅಪರಾಧಿಗಳನ್ನು ಬೀದಿಗೆ ತರಲು ಕೆಲಸ ಮಾಡಿದರು ಅನ್ನುತ್ತದೆ. ಉದಾಹರಣೆಗೆ ಒಬ್ಬನ ಹೆಸರು. 11 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನು. ನಂತರ ಎರಡು ಸಣ್ಣ ವಾಕ್ಯ. ಬಟ್ಲರ್ ಒಂದು ಲೂಪ್‌ಹೋಲ್ ಕಂಡುಹಿಡಿದರು. ಆತ ಮುಂದೆ ಇನ್ನೊಂದು ಮಗುವಿನ ಮೇಲೆ ದೌರ್ಜನ್ಯ ಎಸಗಿದ. ಪರದೆ ಮೇಲೆ ಎರಡು ಮುಖ ಪಕ್ಕಪಕ್ಕ. ಒಂದು ಬಟ್ಲರ್ ಅವರದು, ಇನ್ನೊಂದು ಆ ಅಪರಾಧಿಯದು. ಇಬ್ಬರೂ ಕಪ್ಪು ಜನ. ಕೊನೆಗೆ ಒಂದು ಪ್ರಶ್ನೆ: ಬಟ್ಲರ್ ಸುಪ್ರೀಂ ಕೋರ್ಟಿನಲ್ಲಿದ್ದರೆ ವಿಸ್ಕಾನ್ಸಿನ್ ಕುಟುಂಬಗಳು ಸುರಕ್ಷಿತವಾಗಿರುತ್ತವಾ?

"ಥೂ, ಎಂಥ ಮನುಷ್ಯ ಮಾರಾಯ ಇವನು," ಅಂದ ರೂಮ್‌ಮೇಟ್, ತಟ್ಟೆಯಲ್ಲಿ ಅನ್ನ ಕಲಸುತ್ತಾ. ನಾನೂ ಹೌದು ಅಂದೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ, ನಾನೂ ನಂಬಿದೆ. ಒಂದು ವಾರಕ್ಕಿಂತ ಜಾಸ್ತಿ ನಂಬಿಕೊಂಡೇ ಓಡಾಡಿದೆ. ನನ್ನ ತಲೆಯಲ್ಲಿ ಕೂತಿದ್ದ ಕಥೆ ಹೀಗಿತ್ತು: ಈ ಜಡ್ಜ್ ಯಾವುದೋ ತಾಂತ್ರಿಕ ಕಾರಣ ಹಿಡಿದು ಆ ಪಾಪಿಯನ್ನು ಬಿಟ್ಟುಬಿಟ್ಟ, ಅವನು ಹೊರಗೆ ಬಂದು ಇನ್ನೊಂದು ಮಗುವನ್ನು ಹಾಳು ಮಾಡಿದ. 'ಬಿಟ್ಟ' ಅಂತ ಜಾಹೀರಾತು ಎಲ್ಲೂ ಹೇಳಿರಲಿಲ್ಲ. ಜಡ್ಜ್ ಆಗಿದ್ದಾಗ ಮಾಡಿದ್ದು ಅಂತಲೂ ಹೇಳಿರಲಿಲ್ಲ. ಅದನ್ನೆಲ್ಲ ನಾನೇ ಸೇರಿಸಿಕೊಂಡಿದ್ದೆ.

ಆಫೀಸಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ಕಪ್ಪು ಮನುಷ್ಯ, ಮಿಲ್ವಾಕಿಯಲ್ಲಿ ಕಪ್ಪು ಜನ ಹೆಚ್ಚಿರುವ ನಾರ್ತ್ ಸೈಡಿನಲ್ಲೇ ಹುಟ್ಟಿ ಬೆಳೆದವರು. ನನಗೆ ಹಿಮದಲ್ಲಿ ಕಾರು ಓಡಿಸುವುದನ್ನು ಕಲಿಸಿಕೊಟ್ಟಿದ್ದು ಅವರೇ. ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ, ಸುಮ್ನೆ ಮಾತಿಗೆ ಅಂತ, ಅಂಥವನನ್ನು ಬಿಡಿಸಿದವರು ಸುಪ್ರೀಂ ಕೋರ್ಟಿನಲ್ಲಿ ಹೇಗೆ ಕೂತಿದ್ದಾರೆ ಅಂತ ಕೇಳಿಬಿಟ್ಟೆ. ಅವರು ಚಮಚ ಕೆಳಗಿಟ್ಟರು. "ಯಾರು ಬಿಡಿಸಿದ್ದು?" ಅಂತಷ್ಟೇ ಕೇಳಿದರು. ಸಿಟ್ಟಿನಿಂದ ಅಲ್ಲ. ಲೆಕ್ಕದ ಮೇಷ್ಟ್ರು ಹುಡುಗನಿಗೆ ಇನ್ನೊಂದು ಸಲ ನೋಡು ಅಂತಾರಲ್ಲ, ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮಾತು ಬದಲಾಯಿಸಿದರು.

ಆ ರಾತ್ರಿ ಕೂತು ಓದಿದೆ.

ನಡೆದದ್ದು ಇದು. ಆ ಮನುಷ್ಯನಿಗೆ ಶಿಕ್ಷೆಯಾಗಿ, ಮೇಲ್ಮನವಿ ಹಂತದಲ್ಲಿ ಪಬ್ಲಿಕ್ ಡಿಫೆಂಡರ್ ಕಚೇರಿಯಿಂದ ಕೇಸು ಬಂದದ್ದು ಬಟ್ಲರ್ ಕೈಗೆ. ಅವರು ಆರಿಸಿಕೊಂಡ ಕಕ್ಷಿದಾರ ಅಲ್ಲ, ಕೆಲಸವಾಗಿ ಬಂದವನು. ಸಾಕ್ಷ್ಯದ ಒಂದು ಭಾಗವನ್ನು ಕೆಳ ಕೋರ್ಟ್ ಒಳಗೆ ಬಿಟ್ಟುಕೊಂಡದ್ದು ಕಾನೂನಿಗೆ ವಿರುದ್ಧ ಅಂತ ವಾದಿಸಿದರು. ಅಪೀಲು ಕೋರ್ಟ್ ಒಪ್ಪಿ, ಹೊಸದಾಗಿ ವಿಚಾರಣೆ ಮಾಡಿ ಅಂತು. ಆದರೆ 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ತಪ್ಪು ಆಗಿದ್ದು ನಿಜ, ಆದರೆ ಅದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ ಅಂತ ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂದರೆ ಬಟ್ಲರ್ ಆ ಕೇಸು ಸೋತರು. ಅಪರಾಧಿ ಒಂದು ದಿನವೂ ಬೇಗ ಹೊರಗೆ ಬರಲಿಲ್ಲ. 1992ರಲ್ಲಿ ಪರೋಲ್ ಮೇಲೆ ಎಲ್ಲರಂತೆ ಬಿಡುಗಡೆಯಾದ. ಎರಡನೇ ಅಪರಾಧ ನಡೆದದ್ದು ಅದಾದ ಮೇಲೆ. ಅದಕ್ಕೂ ಆ ಹಳೆಯ ಲೂಪ್‌ಹೋಲಿಗೂ ಕೂದಲೆಳೆಯ ಸಂಬಂಧವೂ ಇಲ್ಲ.

ಈಗ ಆ ಎರಡು ವಾಕ್ಯ ಇನ್ನೊಮ್ಮೆ ಓದಿ. ಬಟ್ಲರ್ ಲೂಪ್‌ಹೋಲ್ ಕಂಡುಹಿಡಿದರು. ಹೌದು, ಎಳೆದಾಡಿದರೆ ನಿಜ ಅನ್ನಬಹುದು. ಆತ ಮುಂದೆ ಇನ್ನೊಂದು ಮಗುವಿನ ಮೇಲೆ ದೌರ್ಜನ್ಯ ಎಸಗಿದ. ನಿಜ. ಇವೆರಡನ್ನೂ ಅಂಟಿಸಿ, ಅಂಟಿಸಿದ ಜಾಗದಲ್ಲಿ ಎರಡು ಕಪ್ಪು ಮುಖ ಇಟ್ಟರೆ?

ಆ ಜಾಹೀರಾತಿನಲ್ಲಿ ಜನಾಂಗದ ಮಾತು ಒಂದೂ ಇಲ್ಲ. ಬರೆದು ತೋರಿಸಿ ಅಂದರೆ ತೋರಿಸುವುದಕ್ಕೆ ಏನೂ ಸಿಗಲ್ಲ. 1988ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ವಿರುದ್ಧ, ವಿಲ್ಲಿ ಹಾರ್ಟನ್ ಅನ್ನೋ ಕಪ್ಪು ಕೈದಿಯ ಮುಖ ತೋರಿಸಿ ಬಂದ ಜಾಹೀರಾತು ನೆನಪಿದ್ದವರು ಇದು ಅದರದೇ ತಮ್ಮ ಅಂದರು. ಆದರೆ ನನಗೆ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು ಅನ್ನಿಸುತ್ತದೆ. ಅಲ್ಲಿ ಡುಕಾಕಿಸ್ ಬಿಳಿಯ. ಮುಖ ಬೇರೆ, ಆರೋಪ ಬೇರೆ. ಇಲ್ಲಿ ವಕೀಲ ಮತ್ತು ಅವನ ಕಕ್ಷಿದಾರ ಇಬ್ಬರ ಮುಖವೂ ಒಂದೇ ಬಣ್ಣದ್ದು. ನೋಡುವವನ ಕಣ್ಣು ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ. ಬಿಳಿಯ ಪಬ್ಲಿಕ್ ಡಿಫೆಂಡರ್ ಆಗಿದ್ದರೆ ನಾನು ಅಷ್ಟು ಬೇಗ ನಂಬುತ್ತಿದ್ದೆನಾ ಅಂತ ಅವತ್ತಿನಿಂದ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನಾನು ಆ ಊರಿಗೆ ಇಳಿದ ಮೊದಲ ವಾರವೇ ನಮ್ಮವರು, ಭಾರತದವರು, ಕೊಟ್ಟ ಉಪದೇಶ ಯಾವುದು ಗೊತ್ತಾ? ಎಲ್ಲಿ ಬಾಸ್ಮತಿ ಅಕ್ಕಿ ಸಿಗುತ್ತೆ, ಎಲ್ಲಿ ದೇವಸ್ಥಾನ ಇದೆ, ಮತ್ತೆ ನಾರ್ತ್ ಸೈಡಿಗೆ ಹೋಗಬೇಡಿ. ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಹೋದ್ಯೋಗಿಯ ಮನೆ ಇದ್ದದ್ದು ಅಲ್ಲೇ. ಹಾಗೆ ನೆಲ ಮೊದಲೇ ಹದವಾಗಿತ್ತು. ಜಾಹೀರಾತು ಬಂದು ಬೀಜ ಹಾಕಿತು ಅಷ್ಟೇ.

ಮಿಲ್ವಾಕಿ ಇವತ್ತಿಗೂ ಕಪ್ಪು ಬಿಳುಪು ಬೇರೆಬೇರೆಯಾಗಿ ಬದುಕುವ ಊರು. 1967ರ ಆಗಸ್ಟಿನಲ್ಲಿ ಫಾದರ್ ಜೇಮ್ಸ್ ಗ್ರೊಪ್ಪಿ ಅನ್ನೋ ಪಾದ್ರಿ ಮತ್ತು ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಯುವ ಸಂಘದವರು 16ನೇ ರಸ್ತೆಯ ಸೇತುವೆ ದಾಟಿ ಬಿಳಿಯರ ಸೌತ್ ಸೈಡಿಗೆ ಮೆರವಣಿಗೆ ಹೊರಟರು. ಕೇಳಿದ್ದು ಇಷ್ಟೇ, ನಮಗೂ ಆ ಕಡೆ ಮನೆ ಬಾಡಿಗೆಗೆ ಕೊಡಿ. ಕಲ್ಲು, ಬಾಟಲಿ, ಬೈಗುಳ ಬಿದ್ದವು. ಅವರು 200 ರಾತ್ರಿ ನಡೆದರು. ಅದಕ್ಕೂ ಮೊದಲಿಂದ ನಗರಸಭೆಯಲ್ಲಿ ಮನೆ ಬಾಡಿಗೆಯ ಕಾನೂನಿಗಾಗಿ ಹಠ ಹಿಡಿದಿದ್ದವರು ವೆಲ್ ಫಿಲಿಪ್ಸ್. ಇದೇ ವೆಲ್ ಫಿಲಿಪ್ಸ್ 1971ರಲ್ಲಿ ಮಿಲ್ವಾಕಿಯಲ್ಲಿ ಜಡ್ಜ್ ಆಗಿ ನೇಮಕವಾದರು, ರಾಜ್ಯದ ಮೊದಲ ಕಪ್ಪು ಮಹಿಳಾ ಜಡ್ಜ್. ಜನರ ಮುಂದೆ ಹೋದಾಗ ಸೋತರು. ನೇಮಕದಿಂದ ಒಳಗೆ, ಚುನಾವಣೆಯಿಂದ ಹೊರಗೆ. ಬಟ್ಲರ್ ನಡೆದ ದಾರಿಯಲ್ಲಿ ಹೆಜ್ಜೆ ಗುರುತು ಮೊದಲೇ ಇತ್ತು.

ದುಡ್ಡಿನ ವಿಷಯ ಹೇಳಲೇಬೇಕು. ಇದು ಬರೀ ಬಣ್ಣದ ಕಥೆ ಅಂದುಬಿಟ್ಟರೆ ಅರ್ಧ ಹೇಳಿದಂತೆ. ಗೇಬಲ್‌ಮನ್ ಪರವಾಗಿ ಜೋರಾಗಿ ಖರ್ಚು ಮಾಡಿದ್ದು ರಾಜ್ಯದ ಉದ್ಯಮಿಗಳ ಸಂಘ, ವಿಸ್ಕಾನ್ಸಿನ್ ಮ್ಯಾನುಫ್ಯಾಕ್ಚರರ್ಸ್ ಅಂಡ್ ಕಾಮರ್ಸ್. ಅವರಿಗೆ ಬಟ್ಲರ್ ಮೇಲೆ ಯಾಕೆ ಕೋಪ? ಕಳ್ಳಕಾಕರ ವಿಷಯಕ್ಕಲ್ಲ. ಪೇಂಟಿನ ವಿಷಯಕ್ಕೆ. ಹಳೆಯ ಮನೆಗಳ ಗೋಡೆಗೆ ಬಳಿದ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಅದು ಚಕ್ಕೆ ಏಳುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಮಿದುಳಿಗೆ ಹೊಡೆತ. ಮಿಲ್ವಾಕಿಯ ಒಬ್ಬ ಹುಡುಗನ ಪರ ಹಾಕಿದ ಕೇಸು ಸುಪ್ರೀಂ ಕೋರ್ಟಿಗೆ ಬಂತು. ನೂರು ವರ್ಷದ ಹಳೆಯ ಗೋಡೆಯ ಸೀಸ ಯಾವ ಕಂಪನಿಯದು ಅಂತ ಆ ಹುಡುಗ ಹೇಗೆ ಸಾಬೀತು ಮಾಡುತ್ತಾನೆ? ಯಾವ ಕಂಪನಿ ಅಂತ ಬೆರಳು ಮಾಡಿ ತೋರಿಸಲು ಆಗದಿದ್ದರೂ ಆ ಸೀಸ ತಯಾರಿಸಿದ ಕಂಪನಿಗಳ ಮೇಲೆ ಕೇಸು ನಡೆಸಬಹುದು ಅಂತ 2005ರಲ್ಲಿ ತೀರ್ಪು ಬಂತು. ಬರೆದವರು ಬಟ್ಲರ್. ಅದೇ ವರ್ಷ, ಡಾಕ್ಟರುಗಳ ನಿರ್ಲಕ್ಷ್ಯದ ಕೇಸುಗಳಲ್ಲಿ ನೋವು ಸಂಕಟಕ್ಕೆ ಕೊಡುವ ಪರಿಹಾರಕ್ಕಿದ್ದ ಮಿತಿಯನ್ನೂ ಕೋರ್ಟ್ ತೆಗೆದುಹಾಕಿತು. ಬಟ್ಲರ್ ಅದರಲ್ಲೂ ಬಹುಮತದ ಕಡೆ ಇದ್ದರು.

ಇದನ್ನು ಟಿವಿಯಲ್ಲಿ ಹೇಳಿದರೆ ಯಾರು ಹೆದರುತ್ತಾರೆ? ಪೇಂಟ್ ಕಂಪನಿಗೆ ನಷ್ಟ ಆಗುತ್ತೆ ಅಂತ ಯಾವ ತಾಯಿ ರಾತ್ರಿ ಬಾಗಿಲ ಚಿಲಕ ನೋಡುತ್ತಾಳೆ? ಹಾಗಾಗಿ ಜಗಳ ಪೇಂಟಿನದು, ಜಾಹೀರಾತು ಪೂರ್ತಿ ಅಪರಾಧದ್ದು. ಆ ಚುನಾವಣೆಯಲ್ಲಿ ಅಭ್ಯರ್ಥಿಗಳು ಖರ್ಚು ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊರಗಿನ ಗುಂಪುಗಳು ಖರ್ಚು ಮಾಡಿದವು. ಬಟ್ಲರ್ ಕಡೆಯವರೇನು ಸಾಚಾಗಳಲ್ಲ. ಅವರ ಪರ ಇದ್ದ ಗ್ರೇಟರ್ ವಿಸ್ಕಾನ್ಸಿನ್ ಕಮಿಟಿ, ಗೇಬಲ್‌ಮನ್‌ಗೆ ಜಡ್ಜ್ ಹುದ್ದೆ ಸಿಕ್ಕಿದ್ದೇ ಹಿಂದಿನ ಗವರ್ನರ್‌ಗೆ ದೇಣಿಗೆ ಕೊಟ್ಟಿದ್ದಕ್ಕೆ ಅನ್ನುವಂಥ ಜಾಹೀರಾತು ಹಾಕಿತ್ತು. ಕೆಸರು ಎರಡೂ ಕಡೆಯಿಂದ ಹಾರುತ್ತಿತ್ತು. ಆದರೆ ಆ ಎರಡು ಮುಖದ ಜಾಹೀರಾತು ಯಾವುದೋ ಹೊರಗಿನ ಗುಂಪಿನದಲ್ಲ. ಗೇಬಲ್‌ಮನ್ ಅವರ ಸ್ವಂತ ಸಮಿತಿಯದು. ಪ್ರಸಾರಕ್ಕೆ ಮುಂಚೆ ಅವರೇ ನೋಡಿ ಒಪ್ಪಿದ್ದು. ಕೂತಿರುವ ಜಡ್ಜ್ ಒಬ್ಬರು ಇದನ್ನು ನೋಡಿ ಸರಿ ಅಂದರಲ್ಲ, ಅದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಏಪ್ರಿಲ್ 1ರಂದು ಮತದಾನ. ಗೇಬಲ್‌ಮನ್‌ಗೆ ಸುಮಾರು 51 ಪರ್ಸೆಂಟ್, ಬಟ್ಲರ್‌ಗೆ 49ರ ಹತ್ತಿರ. ಸುಮಾರು 22 ಸಾವಿರ ಮತಗಳ ಅಂತರ. ಕೂತಿರುವ ನ್ಯಾಯಮೂರ್ತಿಯನ್ನು ವಿಸ್ಕಾನ್ಸಿನ್ ಜನ ಸೋಲಿಸಿದ್ದು 1967ರ ನಂತರ ಅದೇ ಮೊದಲು. (1967ರಲ್ಲಿ ಸೋತ ಮುಖ್ಯ ನ್ಯಾಯಮೂರ್ತಿ ಜಾರ್ಜ್ ಕರಿ ಅವರ ಮೇಲೆ ಜನರಿಗೆ ಇದ್ದ ಸಿಟ್ಟುಗಳಲ್ಲಿ ಒಂದು ಏನು ಗೊತ್ತಾ? ಮಿಲ್ವಾಕಿಯ ಬೇಸ್‌ಬಾಲ್ ತಂಡ ಬ್ರೇವ್ಸ್ ಅಟ್ಲಾಂಟಕ್ಕೆ ಗಂಟುಮೂಟೆ ಕಟ್ಟಿದಾಗ, ರಾಜ್ಯದ ಕಾನೂನಿನಿಂದ ತಡೆಯಲು ಬರಲ್ಲ ಅಂದ ತೀರ್ಪಿನಲ್ಲಿ ಅವರೂ ಇದ್ದರು. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಐದು ನಿಮಿಷ ನಕ್ಕರು.)

ತಮಾಷೆ ಅಂದರೆ, ಅದೇ ವರ್ಷ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಒಬಾಮ ಹಿಲರಿ ಕ್ಲಿಂಟನ್ ಅವರನ್ನು ಭರ್ಜರಿಯಾಗಿ ಸೋಲಿಸಿದ್ದರು. ನವೆಂಬರ್‌ನಲ್ಲಿ ಅದೇ ರಾಜ್ಯವನ್ನು ಸುಮಾರು 14 ಪರ್ಸೆಂಟ್ ಅಂತರದಲ್ಲಿ ಗೆದ್ದರು. ಎರಡರ ನಡುವೆ ಬಟ್ಲರ್ ಸೋತರು. ಹಾಗಾದರೆ ಬಣ್ಣ ಕಾರಣ ಅಲ್ಲ ಅಂತೀರಾ? ಕೆಲವರು ಹಾಗೇ ಅಂದರು. ನನಗೆ ಹಾಗನ್ನಿಸಲ್ಲ. ಒಬಾಮ ಯಾರು, ಏನು, ಹೆಂಡತಿ ಮಕ್ಕಳು ಯಾರು ಅಂತ ಜನರಿಗೆ ಒಂದು ವರ್ಷದಿಂದ ದಿನಾ ಗೊತ್ತಿತ್ತು. ಬಟ್ಲರ್ ಯಾರು ಅಂತ ಬಹುಪಾಲು ಜನರಿಗೆ ಗೊತ್ತಾಗಿದ್ದೇ ಆ ಅರ್ಧ ನಿಮಿಷದಲ್ಲಿ. ಆ ಏಪ್ರಿಲ್ ಚುನಾವಣೆಗೆ ಬಂದದ್ದು ಹೆಚ್ಚುಕಡಿಮೆ ಐದು ಜನರಲ್ಲಿ ಒಬ್ಬರು. ಗೊತ್ತಿಲ್ಲದ ಮುಖದ ಮೇಲೆ ಏನು ಬೇಕಾದರೂ ಬರೆಯಬಹುದು.

ಬೇರೆ ರಾಜ್ಯಗಳಲ್ಲಿ ಬಣ್ಣ ಬೇರೆ ಬಾಗಿಲಿಂದ ಒಳಗೆ ಬಂದಿದೆ. ಲೂಯಿಸಿಯಾನದಲ್ಲಿ ನಕಾಶೆಯಿಂದ. ಕಪ್ಪು ಜನ ಹೆಚ್ಚಿರುವ ನ್ಯೂ ಆರ್ಲಿಯನ್ಸನ್ನು ಸುತ್ತಲಿನ ಬಿಳಿಯರ ಪ್ರದೇಶಗಳ ಜೊತೆ ಸೇರಿಸಿ, ಅಲ್ಲಿಂದ ಇಬ್ಬರು ನ್ಯಾಯಮೂರ್ತಿಗಳನ್ನು ಆರಿಸುತ್ತಿದ್ದರು. ಕಪ್ಪು ಅಭ್ಯರ್ಥಿ ಒಬ್ಬರೂ ಗೆದ್ದಿರಲಿಲ್ಲ. ಕೇಸು ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಕಡೆಯವರ ವಾದ ಕೇಳಿ: ಮತದಾನ ಹಕ್ಕಿನ ಕಾನೂನು ಪ್ರತಿನಿಧಿಗಳ ಬಗ್ಗೆ ಮಾತ್ರ ಹೇಳುತ್ತದೆ, ಜಡ್ಜ್ ಯಾರ ಪ್ರತಿನಿಧಿಯೂ ಅಲ್ಲ. ಚುನಾವಣೆಗೆ ನಿಲ್ಲಬೇಕು, ಪ್ರತಿನಿಧಿ ಅಲ್ಲ! 1991ರಲ್ಲಿ 6-3ರಿಂದ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಹೋರಾಟದಿಂದ ಹುಟ್ಟಿದ ಸೀಟಿಗೆ ಬಂದ ಬರ್ನೆಟ್ ಜಾನ್ಸನ್ ಮುಂದೆ 2013ರಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿಯಾದರು. ನಕಾಶೆಯಾದರೆ ಕೋರ್ಟಿನಲ್ಲಿ ಹರಡಿ ತೋರಿಸಬಹುದು. ಎರಡು ಫೋಟೋ ನಡುವಿನ ಜಾಗವನ್ನು ಹೇಗೆ ತೋರಿಸುವುದು?

ವಿಸ್ಕಾನ್ಸಿನ್‌ನಲ್ಲಿ ಅದನ್ನೂ ಪ್ರಯತ್ನಿಸಿದರು. 2008ರ ಅಕ್ಟೋಬರ್‌ನಲ್ಲಿ ಜಡ್ಜುಗಳ ನಡವಳಿಕೆ ವಿಚಾರಿಸುವ ಅಲ್ಲಿನ ಜುಡಿಷಿಯಲ್ ಕಮಿಷನ್, ಅಷ್ಟೊತ್ತಿಗೆ ನ್ಯಾಯಮೂರ್ತಿಯಾಗಿ ಕೂತಿದ್ದ ಗೇಬಲ್‌ಮನ್ ಮೇಲೆ ದೂರು ದಾಖಲಿಸಿತು. ಜಡ್ಜ್ ಅಭ್ಯರ್ಥಿಗಳಿಗೆ ಒಂದು ನಡವಳಿಕೆ ಸಂಹಿತೆ ಇದೆ. ಅದರಲ್ಲಿ ಎರಡು ಸಾಲು. ಗೊತ್ತಿದ್ದೂ, ಅಥವಾ ನಿಜ ಸುಳ್ಳಿನ ಪರಿವೆ ಇಲ್ಲದೆ, ಎದುರಾಳಿಯ ಬಗ್ಗೆ ತಪ್ಪು ಸಂಗತಿ ಹೇಳಬಾರದು ಅನ್ನೋದು ಮೊದಲನೆಯದು. ನಿಜವಾಗಿದ್ದರೂ ದಾರಿ ತಪ್ಪಿಸುವಂಥ ಮಾತು ಗೊತ್ತಿದ್ದೂ ಆಡಬಾರದು ಅನ್ನೋದು ಎರಡನೆಯದು. ಎರಡನೆಯದು ಈ ಜಾಹೀರಾತಿಗೇ ಅಳತೆ ತೆಗೆದು ಹೊಲಿಸಿದ ಹಾಗಿದೆ, ಅಲ್ವಾ? ಆದರೆ ಮೊದಲ ಸಾಲಿನಲ್ಲಿ ಇರುವುದು 'ಶಲ್ ನಾಟ್'. ಎರಡನೆಯದರಲ್ಲಿ 'ಶುಡ್ ನಾಟ್'.

ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. "ಹೋತು ಬಿಡು ಕೇಸು," ಅಂದರು. ನಮ್ಮ ಕಾನೂನು ಕನ್ನಡದಲ್ಲಿ ಒಂದು 'ಮಾಡತಕ್ಕದ್ದಲ್ಲ', ಇನ್ನೊಂದು ಬರೀ 'ಮಾಡಬಾರದು'. "ತಕ್ಕದ್ದಲ್ಲ ಅಂದ್ರೆ ಬೇಲಿ ಕಣಪ್ಪಾ. ಬಾರದು ಅಂದ್ರೆ ಬೋರ್ಡು. ಬೋರ್ಡ್ ದಾಟಿದ್ರೆ ಯಾರೂ ಹಿಡಿಯಲ್ಲ."

ಚಿಕ್ಕಪ್ಪ ಹೇಳಿದ ಹಾಗೇ ಆಯಿತು. ಕಮಿಷನ್ ದೂರು ಹಾಕಿದ್ದು ಬೇಲಿಯ ಸಾಲಿನಡಿ, ಅಂದರೆ ಜಾಹೀರಾತು ಸುಳ್ಳು ಅಂತ. ಮೂರು ಜಡ್ಜ್‌ಗಳ ಸಮಿತಿ 2009ರ ನವೆಂಬರ್‌ನಲ್ಲಿ ದೂರು ವಜಾ ಮಾಡಿ ಅಂತ ಶಿಫಾರಸು ಮಾಡಿತು. 2010ರ ಜೂನ್ 30ಕ್ಕೆ ಸುಪ್ರೀಂ ಕೋರ್ಟಿನ ನಿರ್ಧಾರ. ಗೇಬಲ್‌ಮನ್ ಹಿಂದೆ ಸರಿದಿದ್ದರಿಂದ ಉಳಿದವರು ಆರು. ಮೂರು ಮೂರು. ಪ್ರಾಸರ್, ರೊಗನ್ಸಾಕ್, ಝೀಗ್ಲರ್ ಅಂದದ್ದು, ವಾಕ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಒಂದೂ ಸುಳ್ಳಲ್ಲ. ಅಬ್ರಹಾಮ್‌ಸನ್, ಬ್ರಾಡ್ಲಿ, ಕ್ರೂಕ್ಸ್ ಅಂದದ್ದು, ಯಾರೂ ಹಾಗೆ ಬಿಡಿಸಿ ಕೇಳಲ್ಲ, ಕೂಡಿಸಿ ಕೇಳಿದರೆ ಅದು ಹೇಳುವುದು ಸುಳ್ಳನ್ನೇ. ಒಂದೇ ಕೇಸಿಗೆ ಎರಡು ಕಡೆಯವರೂ ಬೇರೆಬೇರೆ ಬರೆದು ಪ್ರಕಟಿಸಿದರು. ಮೂರು ಮೂರು ಅಂದರೆ ಏನೂ ಆಗಲಿಲ್ಲ ಅಂತ ಅರ್ಥ. ಕೇಸು ಅಲ್ಲಿಗೇ ಮುಗಿಯಿತು.

ನಾನು ಮೂವರ ಆ ಮೊದಲ ವಾದವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಪೂರ್ತಿ ದಡ್ಡತನದ ವಾದ ಅಲ್ಲ ಅದು. ಚುನಾವಣೆಯ ಮಾತನ್ನು ಸರ್ಕಾರಿ ಸಂಸ್ಥೆಯೊಂದು ಇದು ಸೂಚಿಸಿದ್ದು ಇಂಥದ್ದು ಅಂತ ಶಿಕ್ಷಿಸಲು ಹೊರಟರೆ, ನಾಳೆ ಯಾರ ಬಾಯಿ ಬೇಕಾದರೂ ಕಟ್ಟಬಹುದು. ಆ ಭಯ ನನಗೂ ಇದೆ. ಆದರೆ ಬಿಡಿಬಿಡಿಯಾಗಿ ನಿಜ ಅನ್ನೋದನ್ನು ನಾನು ನನ್ನ ಆ ಒಂದು ವಾರದ ಮುಂದೆ ಇಟ್ಟು ನೋಡುತ್ತೇನೆ. ನಾನು ವಾಕ್ಯ ಬಿಡಿಸಲಿಲ್ಲ. ನಾನು ಅನ್ನ ತಿನ್ನುತ್ತಿದ್ದೆ.

ಇನ್ನೊಂದು ವಿಷಯ. ಲೂಪ್‌ಹೋಲ್ ಅನ್ನೋ ಪದವೇ ನೋಡಿ. ಸಾಕ್ಷ್ಯದ ನಿಯಮ ಪಾಲಿಸಿ ಅಂತ ಆರೋಪಿಯ ವಕೀಲ ಕೇಳಿದರೆ ಅದು ಲೂಪ್‌ಹೋಲ್. ಬಡ ಆರೋಪಿಗೂ ವಕೀಲ ಕೊಡಲೇಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ಕೊಟ್ಟ ಮೇಲೆ ಆ ವಕೀಲ ನೆಟ್ಟಗೆ ಕೆಲಸ ಮಾಡಿದರೆ ತಪ್ಪು. ನಾವೇನು ಬೇರೆಯಲ್ಲ. 2020ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿದ್ದಾಗ, ಅಲ್ಲಿನ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಬಾರದು ಅಂತ ನಿರ್ಣಯ ಮಾಡಿತ್ತು. ಹೈಕೋರ್ಟ್ ಚಾಟಿ ಬೀಸಿದ ಮೇಲೆ ಸಡಿಲವಾಯಿತು. ಕಕ್ಷಿದಾರನ ಮುಖ ವಕೀಲನಿಗೆ ಅಂಟುವ ಕಾಯಿಲೆಗೆ ವೀಸಾ ಬೇಕಿಲ್ಲ.

ಮುಂದೆ ಏನಾಯಿತು ಅಂತ ಚುಟುಕಾಗಿ. 2009ರಲ್ಲಿ ಒಬಾಮ ಬಟ್ಲರ್ ಅವರನ್ನು ಫೆಡರಲ್ ಜಿಲ್ಲಾ ಕೋರ್ಟಿಗೆ ನಾಮನಿರ್ದೇಶನ ಮಾಡಿದರು. ಸ್ವಂತ ರಾಜ್ಯದ ಜನರೇ ತಿರಸ್ಕರಿಸಿದವರಿಗೆ ಯಾಕೆ ಹುದ್ದೆ ಅಂತ ತಕರಾರು ಎದ್ದಿತು. ಸೆನೆಟ್‌ನಲ್ಲಿ ಅದು ಮತಕ್ಕೇ ಬರಲಿಲ್ಲ. ಆ ಅರ್ಧ ನಿಮಿಷ ಅವರನ್ನು ಎರಡು ಸಲ ಸೋಲಿಸಿತು. ಗೇಬಲ್‌ಮನ್ ಒಂದು ಅವಧಿ ಮುಗಿಸಿ 2018ರಲ್ಲಿ ಇಳಿದರು, ಮತ್ತೆ ನಿಲ್ಲಲಿಲ್ಲ. 2021ರಲ್ಲಿ ರಾಜ್ಯದ ವಿಧಾನಸಭೆಯ ಸ್ಪೀಕರ್ ರಾಬಿನ್ ವಾಸ್, 2020ರ ಅಧ್ಯಕ್ಷೀಯ ಚುನಾವಣೆಯ ತನಿಖೆಗೆ ಅವರನ್ನು ನೇಮಿಸಿದರು. ಮರುವರ್ಷ ವಾಸ್ ಅವರೇ ಗೇಬಲ್‌ಮನ್ ಅವರನ್ನು ತೆಗೆದುಹಾಕಿದರು. ಆ ತನಿಖೆಯಲ್ಲಿ ನಡೆದುಕೊಂಡ ರೀತಿಗೆ ಬಂದ ದೂರಿನಲ್ಲಿ, ಮೂರು ವರ್ಷ ವಕೀಲಿ ಲೈಸೆನ್ಸ್ ಅಮಾನತಿಗೆ 2025ರಲ್ಲಿ ಗೇಬಲ್‌ಮನ್ ಒಪ್ಪಿಕೊಂಡರು. ಬಟ್ಲರ್ ಬಿಟ್ಟ ಮೇಲೆ ಆ ಕೋರ್ಟಿಗೆ ಇನ್ನೊಬ್ಬ ಕಪ್ಪು ನ್ಯಾಯಮೂರ್ತಿ ಬಂದಿಲ್ಲ.

ನಾನು 2010ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ರೂಮ್‌ಮೇಟ್ ಅಲ್ಲೇ ಉಳಿದ. ಮನೆ ಕಟ್ಟಿಸಿದ, ಸಿಟಿಜನ್ ಆದ, ಈಗ ಅವನಿಗೆ ವೋಟಿದೆ. 2025ರ ಏಪ್ರಿಲ್ 1ಕ್ಕೆ ಅಲ್ಲಿ ಮತ್ತೆ ಸುಪ್ರೀಂ ಕೋರ್ಟ್ ಚುನಾವಣೆ ನಡೆಯಿತಲ್ಲ, ಇಲಾನ್ ಮಸ್ಕ್ ದುಡ್ಡು ಸುರಿದದ್ದು, ಸೂಸನ್ ಕ್ರಾಫರ್ಡ್ ಗೆದ್ದದ್ದು, ಅದರ ಮುಂಚಿನ ವಾರ ಫೋನ್ ಮಾಡಿದ್ದ. ಪೋಸ್ಟ್ ಡಬ್ಬಿ ತುಂಬಾ ಕಾಗದ, ಯೂಟ್ಯೂಬಲ್ಲಿ ಹಾಡು ಕೇಳೋಕೂ ಬಿಡ್ತಿಲ್ಲ, ಬರೀ ಇದೇ ಅಂತ ಗೊಣಗಿದ. ಆಗ ನನಗೆ ಹಳೆಯದು ನೆನಪಾಯಿತು. ಆ ಚಳಿಗಾಲದಲ್ಲಿ ನಾನು ಓದಿದ್ದನ್ನೆಲ್ಲ ಮರುದಿನವೇ ಅವನಿಗೆ ಕೂರಿಸಿ ಹೇಳಿದ್ದೆ. ಕೇಸು ಸೋತದ್ದು, ಪರೋಲ್, ಎಲ್ಲ. ಅವನೂ ಛೆ ಅಂದಿದ್ದ. "ಬಟ್ಲರ್ ನೆನಪಿದ್ದಾರಾ?" ಅಂದೆ.

"ಯಾರು? ಹಾಂ... ಆ ರೇಪ್ ಮಾಡಿದವನನ್ನ ಬಿಡಿಸಿದ ಜಡ್ಜ್ ಅಲ್ವನ?"

"ಬಿಡಿಸಿಲ್ಲ ಮಾರಾಯ," ಅಂದೆ. ಮತ್ತೆ ಮೊದಲಿಂದ ಶುರು ಮಾಡಿದೆ. 1988, ಪಬ್ಲಿಕ್ ಡಿಫೆಂಡರ್, ಶಿಕ್ಷೆ ಖಾಯಂ ಆಗಿದ್ದು. ಆ ಕಡೆಯಿಂದ ಹೂಂ ಹೂಂ ಅಂತ ಕೇಳಿಸಿಕೊಂಡ.

"ಹೌದಾ," ಅಂದ ಕೊನೆಗೆ. "ಆದ್ರೂ ಏನೋ ಇತ್ತಲ್ಲ ಮಾರಾಯ ಅವ್ರದ್ದು."